ರಟ್ಟಿನ ಪೆಟ್ಟಿಗೆ ಊರು ತಲುಪಿದ ಮೇಲೆ

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಹನ್ನೊಂದು ರಟ್ಟಿನ ಪೆಟ್ಟಿಗೆ ಬಂದವು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನವರು ಒಟ್ಟು ಸೇರಿ ಕಳಿಸಿದ್ದ ಪುಸ್ತಕಗಳು. ನಾನು, ಗ್ರಂಥಾಲಯದ ಮೇಡಂ, ನಾಲ್ಕು ಜನ ಮಕ್ಕಳು ನೆಲದ ಮೇಲೆ ಕೂತು ಒಂದೊಂದೇ ಬಿಚ್ಚಿದೆವು.

ಮೊದಲ ಪೆಟ್ಟಿಗೆಯಲ್ಲಿ ಇಂಗ್ಲಿಷ್ ವಿಶ್ವಕೋಶದ ಸಂಪುಟಗಳು ಇದ್ದವು, ಅರ್ಧ ಮಾತ್ರ. ಎರಡನೆಯದರಲ್ಲಿ ಹನ್ನೆರಡು ವರ್ಷ ಹಳೆಯ ಸಿಇಟಿ ಗೈಡುಗಳು. ಮೂರನೆಯದರಲ್ಲಿ ಯಾರದೋ ಮಗು ಆಗಲೇ ಬಣ್ಣ ತುಂಬಿದ್ದ ವರ್ಕ್‌ಬುಕ್ಕು, ಈಗ ಯಾರೂ ಬಳಸದ ಕಂಪ್ಯೂಟರ್ ಪ್ರೋಗ್ರಾಮಿನ ಕೈಪಿಡಿ, ಷೇರು ಮಾರುಕಟ್ಟೆಯ ಪುಸ್ತಕ. ಏಳನೇ ಪೆಟ್ಟಿಗೆ ಬಿಚ್ಚಿದಾಗ ಮಾತ್ರ ಕೋಣೆಯಲ್ಲಿ ಸದ್ದು ನಿಂತಿತು. ಕನ್ನಡದ ಚಿತ್ರಪುಸ್ತಕಗಳು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಹಾವುಗಳ ಬಗೆಗಿನ ಪುಸ್ತಕ ಎತ್ತಿಕೊಂಡು ಗೋಡೆಗೆ ಒರಗಿ ಕೂತಳು. ಒಂದೊಂದು ಪದದ ಕೆಳಗೂ ಬೆರಳಿಟ್ಟು ತುಟಿ ಅಲ್ಲಾಡಿಸುತ್ತಾ ಓದತೊಡಗಿದಳು. ‘ಕೊಳಕುಮಂಡಲ’ ಅನ್ನೋ ಪದ ಬಂದಾಗ ಎರಡು ಸಲ ಎಡವಿದಳು. ಮೂರನೇ ಸಲ ಸರಿಯಾಗಿ ಹೇಳಿ, ಯಾರಾದರೂ ಕೇಳಿಸಿಕೊಂಡರಾ ಅಂತ ತಲೆ ಎತ್ತಿ ನೋಡಿದಳು.

ಸಂಜೆ ಲೆಕ್ಕ ಹಾಕಿದೆವು. ಬಂದದ್ದು 412 ಪುಸ್ತಕ. ನಮ್ಮೂರಲ್ಲಿ ಯಾರಾದರೂ ಓದಬಹುದು ಅನ್ನಿಸಿದ್ದು 140. ಕಳಿಸಿದವರ ಮನಸ್ಸು ಒಳ್ಳೆಯದೇ. ಪುಸ್ತಕ ಕಟ್ಟಿ, ಲಾರಿಗೆ ದುಡ್ಡು ಕೊಟ್ಟು, ಫೋನ್ ಮಾಡಿ ವಿಚಾರಿಸಿಕೊಂಡ ಜನ ಅವರು. ಆದರೂ ಮೂರರಲ್ಲಿ ಎರಡು ಪಾಲು ಮಕ್ಕಳ ಕೈಗೆ ಹೋಗಲಿಲ್ಲ. ಹೀಗೆ ಯಾಕೆ ಆಗುತ್ತೆ? ಫೋನಿನಲ್ಲಿ ಸಿಗುವ ಪುಕ್ಕಟೆ ಪಾಠಗಳ ಕಥೆಯೂ ಹೆಚ್ಚುಕಮ್ಮಿ ಇದೇ ಯಾಕೆ? ಅದನ್ನು ಬಿಡಿಸಿ ಹೇಳೋಣ ಅಂತ ಈ ಬರಹ.

ಮೊದಲು ಪಂಚಾಯಿತಿ ಗ್ರಂಥಾಲಯದ ವಿಷಯ. ಕರ್ನಾಟಕದಲ್ಲಿ ಸಾರ್ವಜನಿಕ ಗ್ರಂಥಾಲಯಕ್ಕೆ ಅಂತಲೇ 1965ರ ಕಾಯ್ದೆ ಇದೆ. ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಕರ ಅಂತ ಶೇ. 6ರಷ್ಟು ಕಟ್ಟುತ್ತೇವೆ. ರಸೀದಿಯಲ್ಲಿ ನೋಡಿ, ಇರುತ್ತೆ. ಹಳ್ಳಿಗಳ ಗ್ರಂಥಾಲಯಗಳು ತುಂಬಾ ವರ್ಷ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಐದು ಸಾವಿರಕ್ಕೂ ಜಾಸ್ತಿ ಗ್ರಂಥಾಲಯಗಳು. ಮರುವರ್ಷ ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಶಾಲೆ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ ಆಯಿತು. ಜನರಿಂದ ಪುಸ್ತಕ ಕೇಳಿ ಪಡೆಯುವ ಕೆಲಸವೂ ಜೊತೆಗೇ ನಡೆಯಿತು. ಕೆಲವು ಕಡೆ ‘ಪುಸ್ತಕ ಜೋಳಿಗೆ’ ಹಿಡಿದು ಮನೆ ಮನೆಗೆ ಹೋದರು. ಜೋಳಿಗೆ ಅನ್ನೋ ಹೆಸರು ನನಗೆ ತುಂಬಾ ಹಿಡಿಸಿತು. ಜೋಳಿಗೆಗೆ ಇಲ್ಲ ಅನ್ನಬಾರದು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ.

ನಮ್ಮ ಜನ ಇಲ್ಲ ಅನ್ನುವುದೂ ಇಲ್ಲ. ಮೈಸೂರಿನ ರಾಜೀವ್‌ನಗರದಲ್ಲಿ ಕೂಲಿ ಕೆಲಸದ ಸೈಯದ್ ಇಸಾಕ್ ಅವರು ನಡೆಸುತ್ತಿದ್ದ ಕನ್ನಡ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಸುದ್ದಿ ಹರಡಿದ್ದೇ ತಡ, ದೂರದೂರದ ಊರುಗಳಿಂದ ಪುಸ್ತಕ, ಹಣ ಹರಿದು ಬಂತು. ಪಾಂಡವಪುರದ ಹತ್ತಿರ ಹರಳಹಳ್ಳಿಯಲ್ಲಿ ಅಂಕೇಗೌಡರು ಒಂದು ಜೀವಮಾನದ ದುಡಿಮೆ ಹಾಕಿ ಕಟ್ಟಿದ ‘ಪುಸ್ತಕ ಮನೆ’ಯಲ್ಲಿ ಲಕ್ಷಗಟ್ಟಲೆ ಪುಸ್ತಕ ಇವೆ. ಕೊಡುವವರಿಗೆ ಇಲ್ಲಿ ಕೊರತೆ ಇಲ್ಲ. ಕೊಟ್ಟದ್ದು ಮಗುವಿನ ಕೈಗೆ ಸೇರುವ ಕೊನೆಯ ನಾಲ್ಕು ಹೆಜ್ಜೆಯಲ್ಲೇ ತೊಡಕು ಇರುವುದು.

ಆ ತೊಡಕು ಹೇಗಿರುತ್ತೆ ಅನ್ನೋದಕ್ಕೆ ನಾನೇ ಕಂಡ ಒಂದು ಬೀರುವಿನ ಕಥೆ ಹೇಳುತ್ತೇನೆ. ಒಂದು ಶಾಲೆಗೆ ನಾವು ಗೆಳೆಯರು ಸೇರಿ ಅರವತ್ತು ಪುಸ್ತಕ ಕೊಟ್ಟೆವು. ಆರು ತಿಂಗಳು ಬಿಟ್ಟು ಹೋದರೆ ಅಷ್ಟೂ ಬೀರುವಿನಲ್ಲಿ, ನಾವು ಕಟ್ಟಿದ್ದ ದಾರ ಕೂಡ ಬಿಚ್ಚಿರಲಿಲ್ಲ. ಮೇಷ್ಟ್ರು ಬೇಜಾರಿನಿಂದಲೇ ಹೇಳಿದರು: “ಸ್ಟಾಕ್ ರಿಜಿಸ್ಟರ್‌ಗೆ ಹತ್ತಿಸಿದ ಮೇಲೆ ಒಂದು ಹಾಳೆ ಹರಿದ್ರೂ ನಮ್ಮನ್ನೇ ಕೇಳ್ತಾರೆ ಸಾರ್. ಆಡಿಟ್‌ನೋರಿಗೆ ಏನಂತ ಉತ್ತರ ಕೊಡ್ಲಿ?” ಅವರನ್ನು ಬೈದು ಪ್ರಯೋಜನ ಇಲ್ಲ. ಪುಸ್ತಕ ಕಳೆದರೆ ಕೇಳುವವರು ಇದ್ದಾರೆ. ಪುಸ್ತಕ ಯಾರೂ ಓದದೆ ಹಾಗೇ ಉಳಿದರೆ ಕೇಳುವವರಿಲ್ಲ. ಅಂಥ ಕಡೆ ಬೀಗ ಹಾಕುವವರೇ ಜಾಸ್ತಿ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ, ಕಲಿಕೆ ಎಷ್ಟು ಸುಧಾರಿಸಿತು ಅಂತ ಪರೀಕ್ಷೆ ಮಾಡಿದರು. 2014ರಲ್ಲಿ ಆ ಅಧ್ಯಯನ ಹೊರಬಂತು. ಸುಧಾರಣೆ ಕಾಣಲಿಲ್ಲ. ಹುಡುಕಿದರೆ, ಬಹಳಷ್ಟು ಪುಸ್ತಕ ಉಗ್ರಾಣದಲ್ಲೇ ಇದ್ದವು. ಮುಂದಿನ ವರ್ಷ ಮತ್ತೆ ಪುಸ್ತಕ ಬರುತ್ತೋ ಇಲ್ಲವೋ ಅನ್ನೋ ಅನುಮಾನದಲ್ಲಿ ಶಾಲೆಯವರು ಎತ್ತಿಟ್ಟುಕೊಂಡಿದ್ದರು. ಕಷ್ಟ ಕಂಡ ಮನೆಯಲ್ಲಿ ಅಕ್ಕಿ ಎತ್ತಿಡೋದಿಲ್ವಾ, ಹಾಗೆ.

ಕೀನ್ಯಾದ ಪ್ರಯೋಗ ಇನ್ನೊಂದು ಬಗೆಯದು. ಅಲ್ಲಿ ಪುಸ್ತಕ ಮಕ್ಕಳ ಕೈಗೆ ಸೇರಿತು. ಆದರೆ ಲಾಭ ಆದದ್ದು ಮೊದಲೇ ಚೆನ್ನಾಗಿ ಓದುತ್ತಿದ್ದ ಮಕ್ಕಳಿಗೆ ಮಾತ್ರ. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅಲ್ಲಿನ ತುಂಬಾ ಮಕ್ಕಳಿಗೆ ಇಂಗ್ಲಿಷ್ ಮೂರನೇ ಭಾಷೆ. ನಮ್ಮ ಹನ್ನೊಂದು ಪೆಟ್ಟಿಗೆಯಲ್ಲಿ ಹತ್ತಿರ ಹತ್ತಿರ ಏಳು ಪೆಟ್ಟಿಗೆ ಇಂಗ್ಲಿಷೇ ಇತ್ತು. ನಗರದ ಮನೆಗಳಲ್ಲಿ ಮಕ್ಕಳು ಓದಿ ಬಿಡುವ ಪುಸ್ತಕ ಇಂಗ್ಲಿಷಿನವು. ಹಳ್ಳಿ ಮಕ್ಕಳಿಗೆ ಮೊದಲು ಬೇಕಾದ್ದು ಕನ್ನಡದವು. ಹಳ್ಳಿ ಮಕ್ಕಳಿಗೆ ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಅವರಿಗೂ ಅದರ ಆಸೆ ಇದೆ. ಆದರೆ ಹತ್ತು ವರ್ಷದ ಮಗುವಿಗೆ ಮುನ್ನೂರು ಪುಟದ ಇಂಗ್ಲಿಷ್ ಕಾದಂಬರಿ ಕೊಟ್ಟರೆ ಅದು ಮುಚ್ಚಿಟ್ಟು ಎದ್ದು ಹೋಗುತ್ತೆ. ಪುಟಕ್ಕೆ ಎರಡು ಸಾಲು, ಜೊತೆಗೆ ಚಿತ್ರ, ಸಾಧ್ಯವಾದರೆ ಪಕ್ಕದಲ್ಲೇ ಕನ್ನಡ ಇರುವ ಪುಸ್ತಕ ಕೊಡಿ. ಮಗು ತಾನಾಗೇ ಮುಂದೆ ಹೋಗುತ್ತೆ.

ಹಾಗಾದರೆ ಕೊಡುವವರು ಏನು ಮಾಡಬೇಕು? ಮೊದಲು ಒಂದು ಫೋನ್ ಮಾಡಿ. “ನಿಮ್ಮಲ್ಲಿಗೆ ಯಾವ ವಯಸ್ಸಿನ ಮಕ್ಕಳು ಬರ್ತಾರೆ, ಏನು ಕೇಳ್ತಾರೆ?” ಅಂತ ವಿಚಾರಿಸಿ. ನಮ್ಮ ಮೇಡಂ ಹತ್ತಿರ ಈ ಪ್ರಶ್ನೆಗೆ ಸಿದ್ಧ ಉತ್ತರ ಇದೆ: ದೊಡ್ಡ ಅಕ್ಷರದ ಕಥೆಪುಸ್ತಕ, ಕನ್ನಡ–ಇಂಗ್ಲಿಷ್ ನಿಘಂಟು, ಭೂಪಟ, ಪ್ರಾಣಿ ಪಕ್ಷಿಗಳ ಪುಸ್ತಕ, ಪೊಲೀಸ್ ಕಾನ್‌ಸ್ಟೇಬಲ್ ಮತ್ತು ಎಫ್‌ಡಿಎ–ಎಸ್‌ಡಿಎ ಪರೀಕ್ಷೆಯ ಹೊಸ ಪುಸ್ತಕ. ಕೊನೆಯದ್ದಕ್ಕೆ ಊರಿನ ಹುಡುಗರು ಜಗಳ ಆಡುವಷ್ಟು ಬೇಡಿಕೆ ಇದೆ. ಎರಡು ವರ್ಷ ಹಳೆಯದಾದರೆ ಮುಟ್ಟುವುದಿಲ್ಲ, ಪಠ್ಯಕ್ರಮ, ಅಂಕಿಅಂಶ ಎಲ್ಲಾ ಬದಲಾಗಿರುತ್ತೆ. ನನ್ನ ಪ್ರಕಾರ ಒಂದು ಸುಲಭ ಪರೀಕ್ಷೆ ಇದೆ. ಈ ಪುಸ್ತಕವನ್ನು ನಿಮ್ಮ ಅಣ್ಣನ ಮಗನಿಗೆ ಹುಟ್ಟುಹಬ್ಬಕ್ಕೆ ಕೊಡುತ್ತೀರಾ? ಕೊಡೋದಾದರೆ ಕಳಿಸಿ. ಇಲ್ಲವಾದರೆ ರದ್ದಿಗೆ ಹಾಕಿ, ಬಂದ ದುಡ್ಡಿನಲ್ಲಿ ಒಂದೇ ಒಂದು ಹೊಸ ಪುಸ್ತಕ ಕೊಂಡು ಕಳಿಸಿ.

ಕಳಿಸುವ ಖರ್ಚೂ ಈಗ ಜಾಸ್ತಿ ಇಲ್ಲ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಕ್ಕೆ ಅಂತಲೇ ‘ಜ್ಞಾನ್ ಪೋಸ್ಟ್’ ಶುರು ಮಾಡಿದೆ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100 ರೂಪಾಯಿ, ತೆರಿಗೆ ಬೇರೆ. ರಸ್ತೆ, ರೈಲಿನಲ್ಲಿ ಹೋಗುವುದರಿಂದ ನಿಧಾನ. ಆದರೆ ಎಲ್ಲಿಗೆ ತಲುಪಿದೆ ಅಂತ ನಂಬರ್ ಹಾಕಿ ನೋಡಬಹುದು. ಪುಸ್ತಕದ ಮೇಲೆ ಪ್ರಕಾಶಕರದ್ದೋ ಮುದ್ರಕರದ್ದೋ ಹೆಸರು ಇರಬೇಕು, ಜಾಹೀರಾತಿನ ಪುಸ್ತಕ ಆಗಬಾರದು. ಐದು ಕೆಜಿ ಅಂದರೆ ಮಕ್ಕಳ ತೆಳು ಪುಸ್ತಕ ಸುಮಾರು ಮೂವತ್ತು ನಲವತ್ತು ಹಿಡಿಯುತ್ತೆ. ಒಂದು ದೊಡ್ಡ ಲಾರಿ ಲೋಡಿಗಿಂತ, ಆರಿಸಿ ತೆಗೆದ ಇಂಥ ಒಂದು ಕಟ್ಟು ನಮ್ಮ ಮೇಡಂಗೆ ಎಷ್ಟೋ ವಾಸಿ.

ಈಗ ಫೋನಿನ ಪಾಠಕ್ಕೆ ಬರೋಣ.

2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ಎಲ್ಲರೂ ಆನ್‌ಲೈನ್ ಅಂದರು. ಆಗ ದೇಶದ ಸ್ಥಿತಿ ಹೇಗಿತ್ತು? 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ಇಂಟರ್ನೆಟ್ ಸೌಲಭ್ಯ ಇದ್ದದ್ದು ನೂರಕ್ಕೆ 15 ಮನೆಗೆ, ನಗರಗಳಲ್ಲಿ 42 ಮನೆಗೆ. ಕಂಪ್ಯೂಟರ್ ಅಂತೂ ಹಳ್ಳಿಯಲ್ಲಿ ನೂರಕ್ಕೆ ನಾಲ್ಕು ಮನೆಯಲ್ಲಿ ಮಾತ್ರ. ಕರ್ನಾಟಕದಲ್ಲಿ ಚಂದನ ವಾಹಿನಿಯಲ್ಲಿ ಪಾಠ ಹಾಕಿದರು. ‘ವಿದ್ಯಾಗಮ’ ಅಂತ ಮೇಷ್ಟ್ರುಗಳೇ ಊರೊಳಗೆ ಬಂದು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದರು. ಸೋಂಕಿನ ಭಯದಿಂದ ಅದು ಮಧ್ಯೆ ನಿಂತಿತು. ಆದರೂ ಆ ಹೊತ್ತಿನ ಏರ್ಪಾಡುಗಳಲ್ಲಿ ಮಕ್ಕಳಿಗೆ ತೀರಾ ಹತ್ತಿರ ಇದ್ದದ್ದು ಅದೇ ಅಂತ ನನಗೆ ಇವತ್ತಿಗೂ ಅನ್ನಿಸುತ್ತೆ.

ಆಮೇಲೆ ಫೋನ್ ಬಂತು, ಜೋರಾಗಿಯೇ ಬಂತು. ಹಳ್ಳಿ ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಲೆಕ್ಕದಲ್ಲಿ ಶಾಲೆಗೆ ಹೋಗುವ ಹಳ್ಳಿ ಮಕ್ಕಳ ಪೈಕಿ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದವರು 2018ರಲ್ಲಿ ನೂರಕ್ಕೆ 36. ಎರಡೇ ವರ್ಷದಲ್ಲಿ ಅದು 62ರ ಹತ್ತಿರ ಹೋಯಿತು. 2024ರ ಹೊತ್ತಿಗೆ 14ರಿಂದ 16 ವರ್ಷದ ಮಕ್ಕಳಲ್ಲಿ ಹತ್ತಿರ ಹತ್ತಿರ 90 ಜನರ ಮನೆಯಲ್ಲಿ ಫೋನ್ ಇದೆ. ಆ ವಯಸ್ಸಿನಲ್ಲಿ ಫೋನ್ ಬಳಸಲು ಬರುವವರ ಪೈಕಿ ಹಿಂದಿನ ವಾರ ಓದಿಗೆ ಅಂತ ಅದನ್ನು ಬಳಸಿದವರು ನೂರಕ್ಕೆ 57. ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು 76.

ಮನೆಯಲ್ಲಿ ಫೋನ್ ಇದೆ ಅಂದ ಮಾತ್ರಕ್ಕೆ ಮಗುವಿನ ಹತ್ತಿರ ಇದೆ ಅಂತಲ್ಲ, ಅಲ್ವಾ? ನಮ್ಮೂರಲ್ಲಿ ಫೋನ್ ಬೆಳಗ್ಗೆ ಅಪ್ಪನ ಜೇಬಿನಲ್ಲಿ ಹೊರಟರೆ ರಾತ್ರಿ ಎಂಟಕ್ಕೆ ವಾಪಸ್. ಆಗ ಅದನ್ನು ಅಣ್ಣ ಹಿಡಿಯುತ್ತಾನೆ. ಊಟ ಆಗಿ ಪಾತ್ರೆ ತೊಳೆದ ಮೇಲೆ ತಂಗಿ ಕೈಗೆ ಬಂದರೆ ಬಂತು. ಅಷ್ಟೊತ್ತಿಗೆ ದಿನದ ಡೇಟಾ ಮುಗಿದಿರುತ್ತೆ. ಒಂದು ಗಂಟೆ ವಿಡಿಯೊವನ್ನು ಸಾಧಾರಣ ಗುಣಮಟ್ಟದಲ್ಲಿ ನೋಡಿದರೂ ಸುಮಾರು ಅರ್ಧ ಜಿಬಿ ಹೋಗುತ್ತೆ. ಮನೆಗೆಲ್ಲಾ ಇರುವುದು ದಿನಕ್ಕೆ ಒಂದೂವರೆ ಜಿಬಿ.

ಪಾಠಗಳಿಗೇನೂ ಬರ ಇಲ್ಲ. ಮಕ್ಕಳ ಪಠ್ಯಪುಸ್ತಕ ತೆಗೆದು ನೋಡಿ, ಪಾಠದ ಹತ್ತಿರ ಒಂದು ಚೌಕದ ಕ್ಯೂಆರ್ ಕೋಡ್ ಇರುತ್ತೆ. 2017ರಲ್ಲಿ ಶುರುವಾದ ‘ದೀಕ್ಷಾ’ ಆ್ಯಪ್‌ನಲ್ಲಿ ಅದನ್ನು ತೋರಿಸಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ಬರುತ್ತವೆ. ಅದೇ ವರ್ಷ ಬಂದ ‘ಸ್ವಯಂ’ನಲ್ಲಿ ಕಾಲೇಜು ಕೋರ್ಸುಗಳಿವೆ, ಕಲಿಯುವುದು ಪುಕ್ಕಟೆ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಫೀಸು. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ, ಕಾಲೇಜು ಮಟ್ಟದ ವಿಡಿಯೊ ಪಾಠಗಳ ಎನ್‌ಪಿಟಿಇಎಲ್ 2003ರಿಂದಲೂ ಇದೆ. ಚಿಕ್ಕ ಮಕ್ಕಳಿಗೆ ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ನನ್ನ ಅಚ್ಚುಮೆಚ್ಚು. ಅಲ್ಲಿನ ಕನ್ನಡ ಕಥೆಗಳನ್ನು ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ಅಚ್ಚು ಹಾಕಿಸಬಹುದು, ನಮ್ಮೂರ ಮಾತಿಗೆ ಬದಲಿಸಲೂಬಹುದು. ಹೆಸರು ಹೇಳಿ ಬಳಸಿದರೆ ಸಾಕು ಅಂತ ಅವರೇ ಪರವಾನಗಿ ಕೊಟ್ಟಿದ್ದಾರೆ.

ಡೇಟಾ ಸಮಸ್ಯೆಗೆ ಒಂದು ದಾರಿ ಇದೆ, ಅದು ತುಂಬಾ ಜನಕ್ಕೆ ಗೊತ್ತಿಲ್ಲ. ಆನ್‌ಲೈನ್ ಪಾಠವನ್ನು ಆನ್‌ಲೈನ್‌ನಲ್ಲೇ ನೋಡಬೇಕು ಅಂತೇನಿಲ್ಲ. ದೀಕ್ಷಾದಲ್ಲಿ ಪಾಠ ಇಳಿಸಿಟ್ಟುಕೊಳ್ಳಬಹುದು, ಇಂಟರ್ನೆಟ್ ಇಲ್ಲದೆಯೇ ಒಂದು ಫೋನಿನಿಂದ ಇನ್ನೊಂದಕ್ಕೆ ಕಳಿಸಬಹುದು. ‘ಕಿವಿಕ್ಸ್’ ಅನ್ನೋ ತಂತ್ರಾಂಶ ಹಾಕಿಕೊಂಡರೆ ಕನ್ನಡ ವಿಕಿಪೀಡಿಯ ಇಡಿಯಾಗಿ ಫೋನಿನೊಳಗೆ ಕೂರುತ್ತೆ. ‘ಕೊಲಿಬ್ರಿ’ ಅಂತ ಇನ್ನೊಂದಿದೆ. ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಪಾಠಗಳನ್ನು ತುಂಬಿಟ್ಟು, ಸುತ್ತ ಕೂತ ಮಕ್ಕಳ ಫೋನುಗಳಿಗೆ ಅಲ್ಲಿಂದಲೇ ಹರಿಸಬಹುದು. ಕೆರೆಯಿಂದ ಕಾಲುವೆಗೆ ನೀರು ಬಿಟ್ಟ ಹಾಗೆ. ಒಬ್ಬರು ಒಂದು ಸಲ ಇಳಿಸಿದರೆ ಊರಿಗೆಲ್ಲಾ ಆಯಿತು. ನಮ್ಮ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ, ಭಾನುವಾರ ಬೆಳಗ್ಗೆ, ಇದನ್ನೇ ಮಾಡುತ್ತೇವೆ.

ಇಷ್ಟೆಲ್ಲಾ ಕೊಟ್ಟರೂ ಮಗು ಕಲಿಯುತ್ತಾ? ಇದೇ ಕಷ್ಟದ ಪ್ರಶ್ನೆ. ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಆನ್‌ಲೈನ್ ಕೋರ್ಸುಗಳ ಆರು ವರ್ಷದ ಲೆಕ್ಕ 2019ರಲ್ಲಿ ಹೊರಬಂತು. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಪಾಠದ ಪುಟವನ್ನೇ ತೆರೆದಿರಲಿಲ್ಲ. 2017–18ರಲ್ಲಿ ಕೋರ್ಸ್ ಪೂರ್ತಿ ಮುಗಿಸಿದವರು ನೂರಕ್ಕೆ ಮೂರು. ಇವರೆಲ್ಲ ದೊಡ್ಡವರು, ತಾವಾಗೇ ಬಂದು ಸೇರಿದವರು, ಎಷ್ಟೋ ಜನ ಆಗಲೇ ಡಿಗ್ರಿ ಮಾಡಿದವರು. ಅವರಿಗೇ ಹೀಗಾದರೆ ಹತ್ತು ವರ್ಷದ ಮಗು ಒಂಟಿಯಾಗಿ ಫೋನಿನ ಮುಂದೆ ಎಷ್ಟು ಹೊತ್ತು ಕೂತೀತು?

ಕೊರೊನಾ ಕಾಲದಲ್ಲೇ ಆಫ್ರಿಕಾದ ಬೋಟ್ಸ್ವಾನಾದಲ್ಲಿ ಒಂದು ಚೆಂದದ ಪ್ರಯೋಗ ನಡೆಯಿತು. ಕೆಲವು ಮಕ್ಕಳ ಮನೆಗೆ ಪ್ರತಿ ವಾರ ಗಣಿತದ ಲೆಕ್ಕಗಳನ್ನು ಎಸ್‌ಎಂಎಸ್ ಮಾಡಿದರು. ಇನ್ನು ಕೆಲವರಿಗೆ ಎಸ್‌ಎಂಎಸ್ ಜೊತೆಗೆ ವಾರಕ್ಕೊಂದು ಫೋನ್. ಒಬ್ಬರು ಹದಿನೈದು ಇಪ್ಪತ್ತು ನಿಮಿಷ ಮಾತಾಡಿ, ಮಗುವಿನಿಂದ ಲೆಕ್ಕ ಮಾಡಿಸುತ್ತಿದ್ದರು. ಇಂಟರ್ನೆಟ್ ಬೇಡ, ಸ್ಮಾರ್ಟ್‌ಫೋನೂ ಬೇಡ. ಬರೀ ಎಸ್‌ಎಂಎಸ್ ಹೋದ ಮನೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಫೋನ್ ಮಾಡಿ ಮಾತಾಡಿಸಿದ ಮಕ್ಕಳು ಲೆಕ್ಕದಲ್ಲಿ ಮುಂದೆ ಹೋದರು. ಎರಡೂ ಕಡೆ ಇದ್ದದ್ದು ಅದೇ ಲೆಕ್ಕಗಳು.

ಪುಸ್ತಕಕ್ಕೂ ಇದೇ ಮಾತು. ಮುಂದೆ ಬೆಂಗಳೂರಲ್ಲಿ ನೆಲೆಸಿದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹಾಕಿಕೊಟ್ಟರು. ಪುಸ್ತಕ ಇರುವುದು ಬಳಸೋದಕ್ಕೆ, ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ, ಹೀಗೆ. ಈ ಮೂರನೆಯದಿದೆಯಲ್ಲ, ಅದು ತಾನಾಗೇ ಆಗೋದಲ್ಲ. ಯಾರೋ ಒಬ್ಬರು ಕುದುರಿಸಬೇಕು. ನಮ್ಮ ಕರ್ನಾಟಕದ್ದೇ ಶಾಲಾ ಗ್ರಂಥಾಲಯ ಯೋಜನೆಯೊಂದನ್ನು ಪರೀಕ್ಷಿಸಿದ ಅಧ್ಯಯನ 2012ರಲ್ಲಿ ಬಂದಿದೆ. ಹದಿನಾರು ತಿಂಗಳಾದರೂ ಮಕ್ಕಳ ಭಾಷಾ ಅಂಕಗಳಲ್ಲಿ ಸುಧಾರಣೆ ಸಿಗಲಿಲ್ಲ. ಪುಸ್ತಕ, ಗ್ರಂಥಪಾಲಕರು ಎರಡೂ ಇದ್ದ ಯೋಜನೆ ಅದು. ಹಾಗಾಗಿ ಒಬ್ಬರನ್ನು ನೇಮಿಸಿದರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಆ ಒಬ್ಬರಿಗೆ ಮಕ್ಕಳ ಜೊತೆ ಕೂರೋಕೆ ದಿನಾ ಸಮಯ ಸಿಗಬೇಕು. ಯಾವ ಮಗು ಎಲ್ಲಿ ಎಡವುತ್ತೆ ಅಂತ ಗೊತ್ತಿರಬೇಕು.

ನಮ್ಮ ಮೇಡಂ ಏನು ಮಾಡುತ್ತಾರೆ ಅಂತ ನೋಡಿದ್ದೇನೆ. ಸಂಜೆ ಐದಕ್ಕೆ ಮಕ್ಕಳು ಬಂದಾಗ ಒಬ್ಬ ಹುಡುಗನಿಂದ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಸುತ್ತಾರೆ. ಎಲೆ ಆಹಾರ ತಯಾರಿಸುವ ಪಾಠ. ವಿಡಿಯೊ ಆರು ನಿಮಿಷ. ಎರಡು ನಿಮಿಷಕ್ಕೆ ನಿಲ್ಲಿಸಿ, “ಈಗ ಅವರು ಏನಂದ್ರು? ನಿನ್ನ ಮಾತಲ್ಲಿ ಹೇಳು” ಅನ್ನುತ್ತಾರೆ. ಹುಡುಗ ತಡವರಿಸುತ್ತಾನೆ. ಹಿಂದಕ್ಕೆ ಹೋಗಿ ಮತ್ತೆ ಹಾಕುತ್ತಾರೆ. ಮುಗಿದ ಮೇಲೆ ಬೀರುವಿನಿಂದ ಗಿಡಮರಗಳ ಒಂದು ಪುಸ್ತಕ ತೆಗೆದು ಅವನ ಮುಂದೆ ಇಡುತ್ತಾರೆ. ದಾನದ ಪೆಟ್ಟಿಗೆಯಲ್ಲಿ ಬಂದ ಪುಸ್ತಕ ಅದು. ಆನ್‌ಲೈನ್ ಪಾಠ, ದಾನದ ಪುಸ್ತಕ, ಎರಡೂ ಒಂದೇ ಮೇಜಿನ ಮೇಲೆ ಸೇರುವುದು ಆಗ.

ಡಿಜಿಟಲ್ ಪುಸ್ತಕದ ಬಗ್ಗೆ ಎರಡು ವಿಷಯ ಹೇಳಲೇಬೇಕು. ಒಂದು, ಕಾನೂನು. ನೀವು ಕೊಂಡ ಪುಸ್ತಕವನ್ನು ದಾನ ಮಾಡೋದು ನಿಮ್ಮ ಹಕ್ಕು. ಅದನ್ನೇ ಸ್ಕ್ಯಾನ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕೋದು ಲೇಖಕರ ಹೊಟ್ಟೆ ಮೇಲೆ ಹೊಡೆದ ಹಾಗೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಅವರ ಬರಹ ಈಗ ಎಲ್ಲರದ್ದು. ಗೋವಿಂದ ಪೈಗಳು 1963ರಲ್ಲಿ ಹೋದರು, 2024ರ ಜನವರಿಯಿಂದ ಅವರದ್ದೂ ಮುಕ್ತ. ಇಂಥವನ್ನು ಧಾರಾಳವಾಗಿ ಹಂಚಬಹುದು.

ಎರಡನೆಯದು ಕಣ್ಣು ಕಾಣದ ಮಕ್ಕಳ ವಿಷಯ. ಅವರಿಗೆ ನಾವು ಕಳಿಸುವ ಪೆಟ್ಟಿಗೆ ಪೂರ್ತಿ ಖಾಲಿ ಪೆಟ್ಟಿಗೆಯೇ. ಫೋನು ಮಾತ್ರ ಅವರಿಗೆ ಪುಸ್ತಕ ಓದಿ ಹೇಳಬಲ್ಲದು. ಆದರೆ ಪಿಡಿಎಫ್ ಬರೀ ಪುಟದ ಫೋಟೊ ಆಗಿದ್ದರೆ ಓದುವ ತಂತ್ರಾಂಶಕ್ಕೆ ಅದು ಚಿತ್ರ ಅಷ್ಟೇ. ಹಳೇ ನುಡಿ, ಬರಹ ಅಕ್ಷರವಿನ್ಯಾಸದಲ್ಲಿ ಮಾಡಿದ ಕಡತಗಳದ್ದು ಇನ್ನೊಂದು ಪಾಡು. ಪರದೆ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತ. ಫೋನ್ ಓದಲು ಹೋದರೆ ಅರ್ಥವಿಲ್ಲದ ಸದ್ದು ಬರುತ್ತೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪಠ್ಯವನ್ನು ಮಾತ್ರ ಅದು ಕನ್ನಡ ಅಂತ ಗುರುತಿಸುತ್ತೆ. ಕಾನೂನೂ ಇಲ್ಲಿ ಅಡ್ಡ ಬರೋದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿ ಆದ ಮೇಲೆ, ಮುದ್ರಿತ ಅಕ್ಷರ ಓದಲಾಗದವರಿಗಾಗಿ ಪುಸ್ತಕದ ರೂಪ ಬದಲಿಸಿ ಕೊಡಬಹುದು. ಇಂಥ ಪುಸ್ತಕಗಳಿಗಾಗಿ ಆದ ಮರಾಕೆಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರಿಂದ ‘ಸುಗಮ್ಯ ಪುಸ್ತಕಾಲಯ’ ಅನ್ನೋ ಆನ್‌ಲೈನ್ ಗ್ರಂಥಾಲಯವೂ ಇದೆ. ಕನ್ನಡ ಚೆನ್ನಾಗಿ ಟೈಪ್ ಮಾಡೋಕೆ ಬರುವ ಯಾರೇ ಆಗಲಿ, ದೂರದ ದೇಶದಲ್ಲಿರುವ ಕನ್ನಡಿಗರೂ ಸೇರಿ, ಇದಕ್ಕೆ ನೆರವಾಗುವ ಸಂಸ್ಥೆಗಳ ಜೊತೆ ಕೈ ಜೋಡಿಸಬಹುದು. ಹತ್ತು ಪುಟ ತಿದ್ದಿಕೊಟ್ಟರೂ ಅದು ಪುಸ್ತಕ ದಾನವೇ.

ಆ ಅಪಾರ್ಟ್‌ಮೆಂಟಿನವರಿಗೆ ನಾವು ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಬೇಜಾರು ಮಾಡಿಕೊಳ್ಳಲಿಲ್ಲ. “ಮೊದಲೇ ಕೇಳಬೇಕಿತ್ತು, ಒಂದು ಪಟ್ಟಿ ಕಳಿಸಿ” ಅಂದರು. ಈಗ ಗ್ರಂಥಾಲಯದ ಬಾಗಿಲ ಹಿಂದೆ ಒಂದು ಹಾಳೆ ಅಂಟಿಸಿದೆ. ಮಕ್ಕಳು ಬೇಕಾದ ಪುಸ್ತಕ ಬರೆಯುತ್ತಾರೆ, ಮೂರು ತಿಂಗಳಿಗೊಮ್ಮೆ ಅದರ ಫೋಟೊ ಬೆಂಗಳೂರಿಗೆ ಹೋಗುತ್ತೆ. ಮೇಡಂ ಪಂಚಾಯಿತಿಯ ಅಧಿಕಾರಿ ಪಿಡಿಒ ಹತ್ತಿರ ಮಾತಾಡಿ, ಓದಿ ಓದಿ ಹರಿದ ಪುಸ್ತಕಕ್ಕೆ ಬೇರೆಯೇ ಒಂದು ರಿಜಿಸ್ಟರ್ ಇಟ್ಟಿದ್ದಾರೆ. ಹಾವಿನ ಪುಸ್ತಕ ಈಗ ಅದರಲ್ಲಿದೆ. ರಟ್ಟು ಕಿತ್ತು ಬಂದು, ಹಳೇ ಕ್ಯಾಲೆಂಡರ್ ಹಾಳೆಯ ಹೊದಿಕೆ ಹಾಕಿದ್ದಾರೆ. ಎರವಲು ಚೀಟಿಯಲ್ಲಿ ಹದಿನೇಳು ಹೆಸರು. ಇನ್ನೊಂದು ಪ್ರತಿ ಬೇಕು ಅಂತ ಬಾಗಿಲ ಹಿಂದಿನ ಹಾಳೆಯಲ್ಲಿ ಯಾರೋ ಎಲ್ಲಕ್ಕಿಂತ ಮೇಲೆ ಬರೆದಿದ್ದಾರೆ.